ನಾಲ್ಕು ಚುಕ್ಕೆಗೆ ಎಷ್ಟು ದಾರ

ನಮ್ಮೂರಿನಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದರೆ ಯಾಕಾಯಿತು ಎಂದು ಕೇಳುವುದಿಲ್ಲ, ಎಷ್ಟುದ್ದ ಕೊಯ್ದರು ಎಂದು ಕೇಳುತ್ತಾರೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನೂಲಮ್ಮ ಬರುತ್ತಾಳೆ. ಸೆರಗಿನ ಗಂಟಿನಿಂದ ಅರಿಶಿನ ಹಚ್ಚಿದ ನೂಲಿನ ಉಂಡೆ ತೆಗೆದು, ಗಾಯದ ಈ ತುದಿಯಿಂದ ಆ ತುದಿಗೆ ಹಿಡಿದು, ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಆ ದಾರವನ್ನು ಹೊಸಿಲ ಮೇಲಿನ ಮೊಳೆಗೆ ಕಟ್ಟಿ ಹೋಗುತ್ತಾಳೆ. ದಾರ ದಿನವೂ ತಾನಾಗಿಯೇ ಒಂದಿಷ್ಟು ಸವೆಯುತ್ತದೆ. ಪೂರ್ತಿ ಸವೆಯುವ ತನಕ ಆ ಹೆಂಗಸಿಗೆ ಒಂದು ಚೊಂಬು ನೀರು ತಾ ಎಂದು ಯಾರೂ ಹೇಳುವಂತಿಲ್ಲ. ಗಂಡ ಪಡಸಾಲೆಯಲ್ಲಿ ಮಲಗಬೇಕು. ಮೀರಿದರೆ ಆ ಮನೆಯವರ ಒಲೆಯ ಮೇಲೆ ಅಕ್ಕಿ ಬೇಯುವುದಿಲ್ಲ, ಎಷ್ಟು ಸೌದೆ ಒಟ್ಟಿದರೂ ಅಕ್ಕಿ ಅಕ್ಕಿಯಾಗಿಯೇ ಇರುತ್ತದೆ. ಗಂಡಸರಿಗೂ ಇದೇ ದಾರ, ಇದೇ ಕಟ್ಟಳೆ. ಅವರು ದಾರವಿಲ್ಲದೆಯೂ ಮಲಗುತ್ತಾರೆ, ಆ ಮಾತು ಬಿಡಿ.

ಮೊದಲು ನಮ್ಮ ಆಸ್ಪತ್ರೆಯಲ್ಲಿ ಶೇಷಾದ್ರಿ ಡಾಕ್ಟರು ಎಂಬ ಮುದುಕರಿದ್ದರು. ಅವರ ಕೈ ನಡುಗುತ್ತಿತ್ತು. ಹೊಟ್ಟೆಗೆ ಕತ್ತಿ ಇಟ್ಟರೆ ಗೇಣಿಗಿಂತ ಕಡಿಮೆ ಕೊಯ್ದವರಲ್ಲ. ಪುಣ್ಯಾತ್ಮ ಎಂದು ಊರಿನ ಹೆಂಗಸರೆಲ್ಲ ಅವರಿಗೆ ಕೈ ಮುಗಿಯುತ್ತಿದ್ದರು. ನನ್ನ ಅತ್ತೆ ಕೆಂಪನಂಜಮ್ಮನ ಗರ್ಭಕೋಶ ತೆಗೆದದ್ದೂ ಅವರೇ. "ಒಂದು ಗೇಣು, ಮೇಲೆ ಎರಡು ಬೆರಳು. ಶ್ರಾವಣದಾಗೆ ಮಲಗಿದೋಳು ದೀಪಾವಳಿಗೆ ಎದ್ದೆ ಕಣಮ್ಮಿ" ಎಂದು ಅತ್ತೆ ಈಗಲೂ ಹೇಳುತ್ತಾಳೆ. ಹೇಳುವಾಗ ಅವಳ ಮುಖ ನೋಡಬೇಕು, ತವರುಮನೆಯ ಸುದ್ದಿ ಹೇಳುತ್ತಿದ್ದಾಳೆ ಅನ್ನಿಸುತ್ತದೆ. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಹಗಲು ಹೊತ್ತು ಬೆನ್ನು ನೆಲಕ್ಕೆ ಹಾಕಿದ್ದು ಅದೊಂದೇ ಸಲ.

ನಮ್ಮದು ಮದುವೆ ಅಡುಗೆ ಮಾಡುವ ಮನೆತನ. ಮಾವ ಹೋದ ಮೇಲೆ ನನ್ನ ಗಂಡ ಮಾದೇಶನೇ ಯಜಮಾನ. ಅತ್ತೆ, ನಾನು, ನನ್ನ ಓರಗಿತ್ತಿ ಪುಟ್ಟಗೌರಿ, ಮೂವರೂ ಒಲೆಯ ಮುಂದೆ. ಛತ್ರದಲ್ಲಿ ಮುನ್ನೂರು ಎಲೆಯ ಊಟವೆಂದರೆ ಅನ್ನದ ಕೊಪ್ಪರಿಗೆ ಇಳಿಸಲು ಎರಡು ಜನ ಬೇಕು. ಆ ಇಬ್ಬರು ಯಾವಾಗಲೂ ನಾನು ಮತ್ತು ಗೌರಿ. ಗಂಡಸರು ಬಡಿಸುತ್ತಾರೆ, ಯಾಕೆಂದರೆ ಜನ ನೋಡುವುದು ಬಡಿಸುವವರನ್ನು.

ನನಗೆ ಎರಡು ವರ್ಷದಿಂದ ಹೋಗುತ್ತಿತ್ತು. ತಿಂಗಳಿಗೊಮ್ಮೆ ಬಂದು ನಿಲ್ಲಬೇಕಾದದ್ದು ಬಂದರೆ ನಿಲ್ಲುತ್ತಿರಲಿಲ್ಲ. ಒಲೆಯ ಮುಂದೆ ನಿಂತಿದ್ದಾಗಲೇ ಕಾಲಿನವರೆಗೆ ಇಳಿಯುತ್ತಿತ್ತು. ಸೀರೆ ಕಪ್ಪಗಿರಲಿ ಎಂದು ಕಪ್ಪು ಸೀರೆಯನ್ನೇ ಉಡುತ್ತಿದ್ದೆ. ಮುಹೂರ್ತದ ಮನೆಗೆ ಕಪ್ಪು ಉಟ್ಟು ಬಂದಳು ಎಂದು ಅದಕ್ಕೂ ಬೈಸಿಕೊಂಡೆ. ಕೊನೆಗೆ ಒಂದು ದಿನ ಹುಳಿಗೆ ಒಗ್ಗರಣೆ ಹಾಕುತ್ತಾ ಹಾಕುತ್ತಾ ಬಿದ್ದುಬಿಟ್ಟೆ. ಒಲೆಯೊಳಕ್ಕೆ ಬೀಳದೆ ಪಕ್ಕಕ್ಕೆ ಬಿದ್ದದ್ದು ನನ್ನ ಅದೃಷ್ಟ ಎಂದರು.

ಶೇಷಾದ್ರಿ ಡಾಕ್ಟರು ಅಷ್ಟು ಹೊತ್ತಿಗೆ ತೀರಿಹೋಗಿದ್ದರು. ಅವರ ಜಾಗಕ್ಕೆ ಬೇರೆ ಊರಿನಿಂದ ಮೃಣಾಲಿನಿ ಎಂಬ ಡಾಕ್ಟರು ಬಂದಿದ್ದರು, ಬರುವಾಗ ಒಂದು ಯಂತ್ರವನ್ನೂ ತರಿಸಿದ್ದರು. ಅದಕ್ಕೆ ನಾಲ್ಕು ಕೈ. ಒಳ್ಳೆಯ ಹೆಂಗಸು, ಮಾತಿನಲ್ಲಿ ಬಿಗುಮಾನವಿರಲಿಲ್ಲ. "ಗರ್ಭಕೋಶದಲ್ಲಿ ಗಡ್ಡೆ ಇದೆ ಚೆಲುವಾಂಬ, ನಿಂಬೆಹಣ್ಣಿನಷ್ಟು ದಪ್ಪ, ಮೂರು. ತೆಗೆದುಬಿಡೋಣ. ನಾನು ಆಚೆ ಕೂತ್ಕೊಂಡು ಕೈ ಆಡಿಸ್ತೀನಿ, ನಾನು ಆಡಿಸಿದ ಹಾಗೆ ಯಂತ್ರದ ಕೈ ಒಳಗೆ ಆಡುತ್ತೆ. ನಾಲ್ಕು ಚಿಕ್ಕ ತೂತು ಅಷ್ಟೆ. ರಕ್ತ ಹೋಗೋದು ಕಡಿಮೆ, ನೋವು ಕಡಿಮೆ. ಸ್ವಲ್ಪ ದಿನ ಆದ್ಮೇಲೆ ಗುರುತೇ ಕಾಣಲ್ಲ ನೋಡಿ" ಎಂದರು.

ಗುರುತೇ ಕಾಣದಿದ್ದರೆ ನೂಲಮ್ಮ ದಾರ ಹಿಡಿಯುವುದು ಎಲ್ಲಿಗೆ? "ಡಾಕ್ಟ್ರಮ್ಮ, ಒಂಚೂರು ಕಾಣೋ ಹಂಗೆ ಮಾಡಾಕೆ ಆಗಲ್ವಾ?" ಎಂದು ಕೇಳಿದೆ. ಅವರು ನಕ್ಕರು. "ಎಲ್ಲರೂ ಕಾಣಬಾರದು ಅಂತ ಕೇಳ್ತಾರೆ, ನೀವೇನ್ರೀ?" ಎಂದರು. ಆಮೇಲೆ ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ನಗು ನಿಲ್ಲಿಸಿ, "ಮೈಯಲ್ಲಿ ರಕ್ತವೇ ಇಲ್ಲ. ಹೊಟ್ಟೆ ತೆರೆದು ಮಾಡಿದ್ರೆ ನೀವು ತಡ್ಕೊಳ್ಳೋದು ಕಷ್ಟ" ಎಂದರು. ನನಗೆ ಬದುಕುವ ಆಸೆಯಿತ್ತು. ಹೂಂ ಅಂದೆ.

ಹೇಳಿದ ಹಾಗೇ ಆಯಿತು, ಸುಳ್ಳು ಹೇಳಬಾರದು. ಮಾರನೆಯ ದಿನವೇ ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿಬಂದೆ. ಹೊಟ್ಟೆಯ ನೋವಿಗಿಂತ ಭುಜ ಜಾಸ್ತಿ ನೋಯುತ್ತಿತ್ತು. ಹೊಟ್ಟೆ ಉಬ್ಬಿಸಲು ಗಾಳಿ ತುಂಬುತ್ತಾರೆ, ಅದು ಇಳಿಯುವ ತನಕ ಭುಜ ಹಿಡಿದುಕೊಳ್ಳುತ್ತದೆ ಎಂದು ನರ್ಸ್ ಹೇಳಿದಳು. ಕಳಿಸುವಾಗ ಡಾಕ್ಟರು ನನ್ನ ಗಂಡನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು, "ಹೊರಗೆ ಏನೂ ಕಾಣದೇ ಇದ್ರೂ ಒಳಗೆ ಹೊಲಿಗೆ ಹಾಕಿದೀನಿ. ಎರಡು ತಿಂಗಳು ಭಾರ ಎತ್ತೋ ಹಾಗಿಲ್ಲ. ಗಂಡ ಹೆಂಡತಿ ಕೂಡೋ ಹಾಗಿಲ್ಲ. ಆ ಹೊಲಿಗೆ ಬಿಚ್ಚಿಕೊಂಡ್ರೆ ಜೀವಕ್ಕೇ ಅಪಾಯ" ಎಂದರು. ಗಂಡ ತಲೆ ತಗ್ಗಿಸಿ ಹೂಂಗುಟ್ಟಿದ. ಅತ್ತೆ, "ನೂಲಮ್ಮ ಬಂದು ನೋಡ್ತಾಳೆ, ಅದೇನು ಬರ್ತದೋ ಅಷ್ಟು ಮಲಗ್ತಾಳೆ ಬಿಡಿ" ಎಂದಳು.

ನನ್ನ ಅತ್ತೆ ಕೆಟ್ಟವಳಲ್ಲ, ಕಟ್ಟಳೆಯವಳು. ದಾರವಿದ್ದರೆ ಸೊಸೆಯ ಕಾಲು ಒತ್ತುತ್ತಾಳೆ. ದಾರವಿಲ್ಲದಿದ್ದರೆ ಆ ಸೊಸೆ ಸಾಯುತ್ತಿದ್ದರೂ ಅವಳಿಗೆ ಕಾಣುವುದಿಲ್ಲ.

ನೂಲಮ್ಮ ಬಂದಳು. ಸೀರೆ ಸರಿಸಿ ನೋಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು. "ಎಲ್ಲವ್ವಾ ಗಾಯ?" ಎಂದಳು. ನಾನು ಬೆರಳಿಟ್ಟು ತೋರಿಸಿದೆ, ಇಲ್ಲೊಂದು, ಇಲ್ಲೊಂದು, ಇಲ್ಲೊಂದು, ಹೊಕ್ಕುಳಲ್ಲೊಂದು. "ಹೊಕ್ಕುಳು ದೇವರು ಕೊಟ್ಟಿದ್ದು, ಅದನ್ನ ಹಿಡಿಯಾಕಾಗಲ್ಲ" ಎಂದು ಅದನ್ನು ಬಿಟ್ಟೇಬಿಟ್ಟಳು. ಉಳಿದ ಮೂರನ್ನು ಒಂದಕ್ಕೊಂದು ಸೇರಿಸಿ ಹಿಡಿದರೂ ದಾರ ಉಗುರಿನಷ್ಟಾಯಿತು. ಗಂಟು ಹಾಕಲು ಬರಲಿಲ್ಲ. ಅನ್ನದ ಅಗುಳಿನಲ್ಲಿ ಮೊಳೆಗೆ ಅಂಟಿಸಿದಳು.

"ಒಳಗೆ ಉದ್ದಕ್ಕೆ ಹೊಲಿಗೆ ಐತೆ ನೂಲಮ್ಮ. ಸತ್ಯವಾಗ್ಲೂ ಐತೆ" ಎಂದೆ.

"ಇರಬೌದು ಕಣವ್ವ, ಒಳಗಿಂದು ಕಂಡೋರು ಯಾರು? ಕಾಣದೇ ಇರೋದ್ಕೆ ದಾರ ಕಟ್ಟಿದ್ರೆ ಸುಳ್ಳು ದಾರ ಆಯ್ತದೆ. ನಿಮ್ಮ ಮನೇಲೇ ಅನ್ನ ಬೇಯಾಕಿಲ್ಲ" ಎಂದಳು. ಅವಳಿಗೂ ಬೇಸರವಾಗಿತ್ತು, ಕೊಟ್ಟ ಎಲೆಅಡಿಕೆ ಹಾಗೇ ಬಿಟ್ಟು ಹೋದಳು.

ಬೆಳಿಗ್ಗೆ ಮೊಳೆಯ ಮೇಲೆ ಬರೀ ಅಗುಳು ಒಣಗಿಕೊಂಡಿತ್ತು. ಅತ್ತೆ ನನ್ನ ಚಾಪೆಯ ಹತ್ತಿರ ಬಂದು, "ಏಳು ಚೆಲುವಿ. ತೆಂಗಿನಕಾಯಿ ತುರಿಯೋದೈತೆ" ಎಂದಳು. ಭುಜ ನೋಯುತ್ತದೆ ಎಂದೆ. "ಹೊಟ್ಟೆ ಆಪರೇಷನ್‌ಗೆ ಭುಜ ಯಾಕಮ್ಮಿ ನೋಯ್ತದೆ? ಯಾರಾದ್ರೂ ಕೇಳಿದ್ರೆ ನಕ್ಕಾರು" ಎಂದಳು. ಗೌರಿ ಮಾತ್ರ ತುರಿಯುವ ಮಣೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳ ಹೊಟ್ಟೆಯಲ್ಲೂ ಆಗಲೇ ನೋವು ಶುರುವಾಗಿತ್ತು. ಅಂಡಾಶಯದಲ್ಲಿ ನೀರುಗುಳ್ಳೆಯಿದೆ, ಇವತ್ತಲ್ಲ ನಾಳೆ ತೆಗೆಯಬೇಕು ಎಂದು ಡಾಕ್ಟರು ಅವಳಿಗೂ ಹೇಳಿದ್ದರು.

ನಾನು ಸುಮ್ಮನೆ ಬಿಡುವವಳಲ್ಲ. ಡಾಕ್ಟರಿಗೆ ಫೋನು ಮಾಡಿ ಅತ್ತುಬಿಟ್ಟೆ. ಪಾಪ, ಸಂಜೆ ಅವರೇ ಮನೆಗೆ ಬಂದರು, ಕೈಯಲ್ಲಿ ಅಗಲವಾದ ಫೋನಿನಂಥದ್ದೊಂದು ಹಿಡಿದುಕೊಂಡು. "ಒಳಗಿಂದು ಕಂಡೋರು ಯಾರು ಅಂದ್ರಂತಲ್ಲ, ನೋಡಿ, ಎಲ್ಲ ಇದರಲ್ಲಿದೆ" ಎಂದರು. ಅತ್ತೆ, ಗಂಡ, ಗೌರಿ, ಕರೆಸಿದ್ದ ನೂಲಮ್ಮ, ಎಲ್ಲರೂ ಸುತ್ತ ಕೂತರು. ನನ್ನ ಹೊಟ್ಟೆಯ ಒಳಗನ್ನು ನಾನೂ ಆಗಲೇ ನೋಡಿದ್ದು. ಕೆಂಪಗೆ, ಒದ್ದೆಯಾಗಿ ಹೊಳೆಯುತ್ತಿತ್ತು. ಯಂತ್ರದ ಎರಡು ಬೆರಳು ಸೂಜಿ ಹಿಡಿದು ಅತ್ತಿಂದಿತ್ತ ಹೊಲಿಯುತ್ತಿದ್ದವು. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಅಯ್ಯೋ ಶಿವನೇ, ಇಷ್ಟುದ್ದ ಹೊಲಿದವ್ರಾ!" ಎಂದಳು.

ನೂಲಮ್ಮ, "ನಿಲ್ಸಿ ತಾಯಿ, ಅಲ್ಲೇ ನಿಲ್ಸಿ" ಎಂದಳು. ಚಿತ್ರ ನಿಂತಿತು. ಅವಳು ನೂಲಿನ ಉಂಡೆ ತೆಗೆದು ಗಾಜಿನ ಮೇಲೆ ಹೊಲಿಗೆಯ ಈ ತುದಿಯಿಂದ ಆ ತುದಿಗೆ ಹಿಡಿದಳು. ಒಂದು ಗೇಣು, ಮೇಲೆ ಒಂದು ಬೆರಳು. ಡಾಕ್ಟರು, "ಅಲ್ಲಮ್ಮ, ಅದು ದೊಡ್ಡದಾಗಿ..." ಎಂದು ಬಾಯಿ ತೆರೆದರು. ನಾನು ಅವರನ್ನೇ ನೋಡಿದೆ. ಅವರು ನನ್ನನ್ನು ನೋಡಿದರು. ಬಾಯಿ ಮುಚ್ಚಿದರು. ಸಣ್ಣದು ದೊಡ್ಡದಾಗಿ ಕಾಣುವ ಗಾಜು ಎಂಬುದು ನನಗೆ ತಿಳಿಯದೆ ಏನು, ನನ್ನ ಮೈಯಲ್ಲಿ ಗೇಣುದ್ದದ ಜಾಗ ಅಲ್ಲೆಲ್ಲಿದೆ? ಸುಮ್ಮನಿದ್ದೆ. ಯಾರಿದ್ದರೂ ಸುಮ್ಮನಿರುತ್ತಿದ್ದರು. ನೂಲಮ್ಮ ದಾರ ಕಚ್ಚಿ ಮೊಳೆಗೆ ಕಟ್ಟಿದಳು. ಗಂಡ ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಹೋದ. ಅತ್ತೆ ನನಗೆ ಮೆಣಸಿನ ಸಾರು ಕಾಯಿಸಿ ತಂದುಕೊಟ್ಟಳು. ಕುಡಿದು ಗೋಡೆಯ ಕಡೆ ತಿರುಗಿ ಮಲಗಿದೆ. ಎಷ್ಟು ಚೆನ್ನಾಗಿ ನಿದ್ದೆ ಬಂತು ಅಂತೀರಿ.

ಮಾರನೆಯ ದಿನ ಅಕ್ಕಸಾಲಿ ಬೀದಿಯವರ ಮದುವೆ. ಮನೆಯವರೆಲ್ಲ ಛತ್ರಕ್ಕೆ ಹೋಗಿದ್ದರು. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ವಾಪಸ್ಸು ಬಂದರು, ಒಬ್ಬರ ಮುಖದಲ್ಲೂ ರಕ್ತವಿಲ್ಲ. ಅನ್ನ ಬೆಂದಿರಲಿಲ್ಲ. ಎರಡು ಕೊಪ್ಪರಿಗೆ ಅಕ್ಕಿ, ಕೊತಕೊತ ಕುದಿಯುವ ನೀರಿನಲ್ಲಿ, ಹಾಕಿದಾಗ ಹೇಗಿತ್ತೋ ಹಾಗೇ ಇತ್ತಂತೆ. ಎಲೆ ಹಾಕಿ, ಪಲ್ಯ ಕೋಸಂಬರಿ ಬಡಿಸಿ, ಜನ ಅನ್ನಕ್ಕೆ ಕಾದು ಕಾದು ಎದ್ದರಂತೆ. ಹೆಣ್ಣಿನ ತಂದೆ ಛತ್ರದ ಬಾಗಿಲಲ್ಲಿ ನಿಂತು ನನ್ನ ಗಂಡನ ಮುಖಕ್ಕೆ ಹಸಿ ಅಕ್ಕಿ ಎರಚಿದನಂತೆ. ಮಾದೇಶನ ಮೀಸೆಯಲ್ಲಿ ಇನ್ನೂ ಒಂದು ಕಾಳು ಸಿಕ್ಕಿಕೊಂಡಿತ್ತು.

ನೂಲಮ್ಮನನ್ನು ಕರೆಸಿದರು. ಅವಳು ದಾರ ಮುಟ್ಟಿ ನೋಡಿ, "ಒಂದು ಎಳೆನೂ ಸವೆದಿಲ್ಲ. ಸುಳ್ಳು ದಾರ" ಎಂದಳು. ಕಿತ್ತು ಒಲೆಗೆ ಹಾಕಿದಳು. ಸುದ್ದಿ ಕೇಳಿ ಡಾಕ್ಟರು ಓಡಿಬಂದರು. "ಗಾಜಿನಲ್ಲಿ ದೊಡ್ಡದಾಗಿ ಕಾಣುತ್ತೆ ಅಷ್ಟೆ, ಹೊಲಿಗೆ ಇರೋದು ನಿಜ ಕಣ್ರೀ! ಎರಡು ಬೆರಳಾದ್ರೂ ಇದೆ, ಅಷ್ಟಕ್ಕಾದ್ರೂ ಕಟ್ಟಿ" ಎಂದು ಗೋಗರೆದರು. ಒಂದು ಗಾಯಕ್ಕೆ ಮೂರನೇ ಸಲ ದಾರ ಹಿಡಿದ ಉದಾಹರಣೆ ಊರಿನಲ್ಲಿಲ್ಲ ಎಂದಳು ನೂಲಮ್ಮ. ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. "ಡಾಕ್ಟ್ರಮ್ಮ, ನಲವತ್ತು ವರ್ಷ ಕಟ್ಟಿದ ಹೆಸರು ಇವತ್ತು ಎಲೆ ಮೇಲೆ ಹೋಯ್ತು. ಇನ್ನು ನೀವು ಬರಬ್ಯಾಡಿ" ಎಂದಳಷ್ಟೆ.

ನಮ್ಮ ಜೊತೆ ಕೂಲಿಗೆ ಬರುತ್ತಿದ್ದ ಆಳುಗಳೆಲ್ಲ ಅವತ್ತೇ ಕೈಬಿಟ್ಟಿದ್ದರು. ಮುಂದಿನ ವಾರದ ಎರಡು ಮದುವೆಯವರು ಬೇರೆ ಅಡುಗೆಯವರನ್ನು ನೋಡಿಕೊಂಡರು. ಉಳಿದದ್ದು ಒಂದೇ ಒಂದು ನಾಮಕರಣ. ಅದನ್ನಾದರೂ ಉಳಿಸಿಕೊಳ್ಳಬೇಕೆಂದು ಎಲ್ಲರೂ ಸೊಂಟ ಕಟ್ಟಿದರು, ನನ್ನ ಸೊಂಟವೂ ಸೇರಿ.

ಗಂಡ ಹಾಸಿಗೆಯನ್ನು ವಾಪಸ್ಸು ಕೋಣೆಗೆ ತಂದ. "ಎರಡು ತಿಂಗಳು ಬ್ಯಾಡ ಅಂತ ಡಾಕ್ಟ್ರು ನಿಮ್ಮ ಎದುರಿಗೇ ಹೇಳವ್ರೆ" ಎಂದೆ. ಅವನು ಬಾಗಿಲ ಕಡೆ ನೋಡಿದ. "ದಾರ ಎಲ್ಲೈತೆ?" ಎಂದ. ಗದರಲಿಲ್ಲ, ಹೊಡೆಯಲಿಲ್ಲ. ನಿಜವಾಗಿಯೂ ಕೇಳಿದ. ಅವನ ಅಪ್ಪ ಕೇಳುತ್ತಿದ್ದದ್ದೂ ಅದನ್ನೇ ಇರಬೇಕು. ನಾನು ಗೋಡೆ ನೋಡುತ್ತಾ ಮಲಗಿದೆ.

ನಾಮಕರಣದ ದಿನ ಅನ್ನ ಬೆಂದಿತು. ಮಲ್ಲಿಗೆಯ ಹಾಗೆ ಬೆಂದಿತು. ಅತ್ತೆಗೆ ಜೀವ ಬಂದ ಹಾಗಾಯಿತು, ಒಂದು ಅಗುಳು ಹಿಸುಕಿ ಕಣ್ಣಿಗೊತ್ತಿಕೊಂಡಳು. ಗಂಜಿ ಬಸಿಯಬೇಕಿತ್ತು. ಗೌರಿ ಒಂದು ಕಡೆ ಹಿಡಿದಳು, ನಾನು ಒಂದು ಕಡೆ. "ಅಕ್ಕ, ನೀನು ಬಿಡು, ಭಾವನ್ನ ಕರೀತೀನಿ" ಎಂದಳು ಗೌರಿ. ಅವಳ ಭಾವ, ನನ್ನ ಗಂಡ, ಹೊರಗೆ ಎಲೆ ಹಾಸುತ್ತಿದ್ದ. "ಎತ್ರಮ್ಮಿ, ಅನ್ನ ಮುದ್ದೆಯಾಯ್ತದೆ" ಎಂದು ಅತ್ತೆ ಹಿಂದಿನಿಂದ ಕೂಗಿದಳು. ಎತ್ತಿದೆವು. ಒಳಗೆ ಏನೋ ಪರಕ್ಕೆಂದಿತು. ನೋವು ಆಮೇಲೆ ಬಂತು, ಮೊದಲು ಬೆಚ್ಚಗಾಯಿತು. ಕೊಪ್ಪರಿಗೆಯನ್ನು ನೆಲಕ್ಕೆ ಇಳಿಸಿಯೇ ಬಿದ್ದೆ. ಅನ್ನ ಒಂದಗುಳೂ ಚೆಲ್ಲಲಿಲ್ಲವೆಂದು ಆಮೇಲೆ ನೆಂಟರ ಹತ್ತಿರ ಅತ್ತೆ ಹೊಗಳುತ್ತಿದ್ದಳು.

ಒಳಗಿನ ಹೊಲಿಗೆ ಬಿಚ್ಚಿಕೊಂಡು ಕರುಳು ಕೆಳಕ್ಕೆ ಇಳಿದಿತ್ತಂತೆ. ಆಸ್ಪತ್ರೆಯಲ್ಲಿ ಕಣ್ಣಿಗೆ ಕತ್ತಲೆ ಬರುವ ಮುಂಚೆ ಡಾಕ್ಟರು ನನ್ನ ಕಿವಿಯ ಹತ್ತಿರ ಬಾಗಿ, "ಭಾರ ಎತ್ತಿದ್ರಾ? ಇಲ್ಲಾ ಗಂಡನಾ?" ಎಂದು ಕೇಳಿದರು. "ಎರಡೂ" ಎಂದೆ. ಅವರು ಇಂಗ್ಲಿಷಿನಲ್ಲಿ ಏನೋ ಬೈದರು. ನನಗಲ್ಲ.

ಈ ಸಲ ಯಂತ್ರವಿಲ್ಲ. ಅದನ್ನು ಹೂಡುವಷ್ಟು ಹೊತ್ತು ನಾನು ಉಳಿಯುತ್ತಿರಲಿಲ್ಲ. ಕತ್ತಿ ಹಿಡಿದು ಹೊಟ್ಟೆ ತೆರೆದರು. ಕರುಳಿನಲ್ಲಿ ಒಂದು ತುಂಡು ಕಪ್ಪಗಾಗಿತ್ತು, ಅದನ್ನು ಕತ್ತರಿಸಿ ತೆಗೆದರು. ಯಾರ ಯಾರದೋ ರಕ್ತ ಹಾಕಿದರು. ಎಚ್ಚರವಾದಾಗ ನನಗೆ ಕೆಮ್ಮು ಬಂತು. ಆ ಒಂದು ಕೆಮ್ಮಿಗೆ ಸತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮನೆಗೆ ಬಂದ ದಿನ ನೂಲಮ್ಮ ಬಂದಳು. ಪಟ್ಟಿಯ ಮೇಲೆಯೇ ದಾರ ಹಿಡಿದಳು. ಒಂದು ಗೇಣು, ಮೇಲೆ ನಾಲ್ಕು ಬೆರಳು. ಅತ್ತೆಗಿಂತ ಎರಡು ಬೆರಳು ಜಾಸ್ತಿ. ಪಕ್ಕದ ಮನೆಯವರೆಲ್ಲ ಬಂದು ಮೊಳೆಯಲ್ಲಿ ತೂಗುವ ದಾರ ನೋಡಿ, ಬಾಯಲ್ಲಿ ಬೆರಳಿಟ್ಟುಕೊಂಡು ಹೋದರು. ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆಣೆದಳು. ಹೆಣೆಯುತ್ತಾ, "ನೋಡಮ್ಮಿ, ಆಪರೇಷನ್ ಅಂದ್ರೆ ಇದು. ಮೊದಲೇ ಹಿಂಗೆ ಮಾಡಿಸಿಕೊಂಡಿದ್ರೆ ನಿಂಗೂ ಸಂಕಟ ಇರ್ತಿರಲಿಲ್ಲ, ನಮ್ಗೂ ಮಾನ ಹೋಗ್ತಿರಲಿಲ್ಲ" ಎಂದಳು. ಪ್ರೀತಿಯಿಂದಲೇ ಅಂದಳು. ಗಂಡ ಪಡಸಾಲೆಯಿಂದ ಕೂಗಿ, "ಎಳನೀರು ಬೇಕೇನೆ?" ಎಂದು ಕೇಳಿದ. ನನಗೆ ಅಳು ಬಂತು, ಅಳುವಷ್ಟು ಹೊಟ್ಟೆ ಕುಲುಕುವ ಹಾಗಿಲ್ಲವಾದ್ದರಿಂದ ಸಿಟ್ಟು ಬಂತು. ಇಷ್ಟೆಲ್ಲ ಮಾಡಲು ಬರುವವರು ಇವರು! ಬಾರದವರಾಗಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಗೌರಿಯ ನೀರುಗುಳ್ಳೆ ಬೆಳೆದಿತ್ತು. ಇನ್ನು ಕಾಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ನನ್ನ ಹೊಲಿಗೆ ಬಿಚ್ಚಿಸಲು ಹೋದ ದಿನ ಅವಳೇ ನನ್ನನ್ನು ಕೈ ಹಿಡಿದು ಕರೆದುಕೊಂಡು ಹೋದಳು. ಡಾಕ್ಟರು ಇಬ್ಬರನ್ನೂ ಕೂರಿಸಿ, ಮುಖ್ಯವಾಗಿ ನನ್ನನ್ನು ನೋಡಿ ಮಾತಾಡಿದರು. "ಇವಳದ್ದು ಏನೂ ಅಲ್ಲ ಚೆಲುವಾಂಬ. ಮೂರು ತೂತಲ್ಲಿ ಮುಗಿಯುತ್ತೆ. ಯಂತ್ರದ್ದು ತಪ್ಪಲ್ಲ ಅಂತ ನಿಮಗೆ ಗೊತ್ತು. ಎರಡನ್ನೂ ಅನುಭವಿಸಿದವರು ಊರಿನಲ್ಲಿ ನೀವೊಬ್ಬರೇ. ನಾನು ಹೇಳಿದ್ರೆ ಯಾರೂ ಕೇಳ್ತಿಲ್ಲ, ಆಪರೇಷನ್‌ಗೆ ಬರೋ ಹೆಂಗಸರೆಲ್ಲ ಉದ್ದಕ್ಕೆ ಕುಯ್ಯಿ ಅಂತಾರೆ. ನೀವು ಹೇಳಿದ್ರೆ ಇವಳಾದ್ರೂ ಕೇಳ್ತಾಳೆ. ಹೇಳಿ" ಎಂದರು. ಅವರ ಕಣ್ಣಿನ ಕೆಳಗೆ ಕಪ್ಪಾಗಿತ್ತು. ನಮ್ಮೂರಿಗೆ ಬಂದಾಗ ಹಾಗಿರಲಿಲ್ಲ.

ಗೌರಿ ನನ್ನ ಕಡೆ ತಿರುಗಿದಳು. "ಹೇಳಕ್ಕ, ಯಾವ್ದು ಮಾಡಿಸ್ಕೊಳ್ಳಲಿ?"

ಯಾವುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತೂತಿನ ಮಾರನೆಯ ದಿನ ನಾನು ನಡೆದಿದ್ದೆ. ಕೊಯ್ದ ಮೇಲೆ ಇವತ್ತಿಗೂ ನೆಟ್ಟಗೆ ನಿಲ್ಲಲಾರೆ. ಗೌರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಅವಳ ಹೊಟ್ಟೆಯ ಮೇಲೆ ಒಂದು ಗೆರೆ ಇರಲಿಲ್ಲ. ಮನೆಯಲ್ಲಿ ನನ್ನ ಪಾಲಿನ ಕೊಪ್ಪರಿಗೆಯೂ ಈಗ ಅವಳ ಕೈಗೇ ಬಂದಿತ್ತು. ಅವಳ ಗಂಡ ಮಾದೇಶನ ತಮ್ಮ, ಅದೇ ಮನೆಯಲ್ಲಿ ಬೆಳೆದವನು. ಮೂರು ತೂತಿಗೆ ದಾರ ಎಷ್ಟು ಬರುತ್ತದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

"ಯಂತ್ರ ಬ್ಯಾಡ ಡಾಕ್ಟ್ರಮ್ಮ. ಕತ್ತಿಲೇ ಮಾಡಿ" ಎಂದೆ.

ಡಾಕ್ಟರು ಮೇಜಿನ ಮೇಲೆ ಎರಡೂ ಕೈ ಇಟ್ಟು ತಲೆ ತಗ್ಗಿಸಿದರು. "ಎಷ್ಟು?" ಎಂದರು.

ನಾನು ಗೌರಿಯನ್ನು ನಿಲ್ಲಿಸಿ, ಸೆರಗು ಸರಿಸಿ, ಹೊಕ್ಕುಳಿನಿಂದ ಕೆಳಕ್ಕೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದೆ. ಅವಳ ಹೊಟ್ಟೆ ತಣ್ಣಗಿತ್ತು, ನನ್ನ ಬೆರಳಿಗೆ ಒಮ್ಮೆ ಒಳಕ್ಕೆ ಸರಿಯಿತು. ಅವಳು ಬಗ್ಗಿ ಗೆರೆಯ ಈ ತುದಿ ಆ ತುದಿ ನೋಡಿಕೊಂಡಳು.

"ಇನ್ನೊಂಚೂರು ಉದ್ದ ಇರ್ಲಿ ಅಕ್ಕ" ಎಂದಳು.